ಉಗುರು, ಕೂದಲು, ಹೊಸ ಅಕ್ಕಿ

ಲೋಕದಲ್ಲಿ ಹೊಸದೇನು ಹುಟ್ಟಿದರೂ ಅದನ್ನು ಮೊದಲು ತಿನ್ನುವ ಹಕ್ಕು ನಮ್ಮದು. ಈ ಹಕ್ಕನ್ನು ನಾವು ಅರ್ಜಿ ಕೊಟ್ಟು ಪಡೆದದ್ದಲ್ಲ. ಧರಣಿ ಕೂತು ಪಡೆದದ್ದಲ್ಲ. ಅವರಾಗಿಯೇ ಬಾಗಿಲಿಗೆ ತಂದುಕೊಟ್ಟರು. ಅದೂ ಜೀಪಿನಲ್ಲಿ.

ಬೇಸಗೆಯಲ್ಲಿ ನೀರು ಕೇಳಿದಾಗ ಈ ಗುಡ್ಡೆಗೆ ಜೀಪು ಹತ್ತುವುದಿಲ್ಲ ಎಂದಿದ್ದರು. ಹೆರಿಗೆ ನೋವಿನವಳನ್ನು ಕರೆದೊಯ್ಯಲು ಕೇಳಿದಾಗಲೂ ಹತ್ತುವುದಿಲ್ಲ ಎಂದಿದ್ದರು. ಹೊಸ ಅಕ್ಕಿ ತುಂಬಿದ ಜೀಪು ಒಂದೇ ಗೇರಿನಲ್ಲಿ ಹತ್ತಿತು.

ವರ್ಕಾಡಿಯಿಂದ ಒಳಗೆ, ಗುಡ್ಡೆಯ ನೆತ್ತಿಯಲ್ಲಿ ಕೊರಗರ ಹತ್ತೊಂಬತ್ತು ಮನೆ. ಅಂಗಳದ ತುದಿಗೆ ನಿಂತು ಉಗುಳಿದರೆ ಕರ್ನಾಟಕಕ್ಕೆ ಬೀಳುತ್ತದೆ. ಮೊದಲು ಇದನ್ನು ಕಾಲೊನಿ ಎನ್ನುತ್ತಿದ್ದರು. ಆ ಮಾತಿನಿಂದ ನಮಗೆ ಅವಮಾನವಾಗುತ್ತದೆ ಎಂದು ಸರಕಾರಕ್ಕೆ ನಿಧಾನವಾಗಿ ಹೊಳೆದು, ಈಗ ‘ಉನ್ನತಿ’ ಎಂದು ಕರೆಯಬೇಕಂತೆ. ಬೋರ್ಡು ಹೊಸದು. ಬಾವಿ ಹಳೆಯದು. ಮಾರ್ಚ್ ಬಂದರೆ ಉನ್ನತಿಯ ಬಾವಿಯಲ್ಲಿ ಕಪ್ಪೆಗೂ ಕುಡಿಯಲು ನೀರಿಲ್ಲ.

ನಾನು ಸೌದಾಮಿನಿ. ಹೆಸರು ಇಟ್ಟದ್ದು ಶಾಲೆಯ ಟೀಚರು. ಅಜ್ಜಿಯ ಬಾಯಿಗೆ ಇವತ್ತಿಗೂ ಆ ಹೆಸರು ಹಿಡಿಯುವುದಿಲ್ಲ, ‘ಬಾಲೆ’ ಎಂದು ಕರೆದು ಮುಗಿಸುತ್ತಾಳೆ. ನಮ್ಮ ಹತ್ತೊಂಬತ್ತು ಮನೆಗಳಲ್ಲಿ ಬಿ.ಎ. ಆದವಳು ನಾನೊಬ್ಬಳೇ. ಬಿ.ಎ. ಆದ ಮೇಲೆ ನಾಲ್ಕು ವರ್ಷ ಬುಟ್ಟಿ ನೆಯ್ದೆ. ಓದಿದವರು ನೆಯ್ದ ಬುಟ್ಟಿಯಲ್ಲೂ ಸೆಗಣಿ ಅಷ್ಟೇ ಹಿಡಿಸುತ್ತದೆ.

ಹಾಗಿರುವಾಗ ಸುಪೋಷಣ ಟ್ರಸ್ಟಿನವರು ನನ್ನನ್ನು ಹುಡುಕಿಕೊಂಡು ಬಂದರು. ಟ್ರಸ್ಟಿನ ಅಧ್ಯಕ್ಷರು ಪುರಂದರ ಧನಿಗಳು. ಗುಡ್ಡೆಯ ಕೆಳಗಿನ ಬೀಡಿನ ಮನೆ, ಹಳೆಯ ಜಮೀನುದಾರರ ಮನೆ, ಅವರದ್ದು. ನಮ್ಮ ಅಜ್ಜನ ಕಾಲದವರು ಆ ಮನೆಯ ಅಂಗಳದ ಹೊರಗೆ ನಿಂತೇ ಸತ್ತರು. ನನಗೆ ಮಾತ್ರ ಕುರ್ಚಿ ಕೊಟ್ಟರು. ಪ್ಲಾಸ್ಟಿಕ್ಕಿನದ್ದು, ಹಿತ್ತಲಲ್ಲಿ ಹಾಕಿದ್ದು. ಆದರೂ ಕುರ್ಚಿಯೇ.

“ಫೀಲ್ಡ್ ಅಸಿಸ್ಟೆಂಟ್ ಕೆಲಸ,” ಎಂದರು ಧನಿಗಳು. “ಆರು ತಿಂಗಳು. ನಿನ್ನವರೆಲ್ಲ ಸರಿಯಾಗಿ ಸಹಕರಿಸಿದರೆ ಆಮೇಲೆ ಪರ್ಮನೆಂಟ್. ನಿನ್ನವರಿಗೆ ನೀನೇ ಹೇಳಬೇಕು. ನಾವು ಹೇಳಿದರೆ ಹೆದರ್ತಾರೆ.”

ಕೊರಳಿಗೆ ಒಂದು ಕಾರ್ಡು ಹಾಕಿದರು. ಅದರಲ್ಲಿ ನನ್ನ ಫೋಟೊ. ಬೆಳ್ಳಗೆ ಕಾಣುವ ಹಾಗೆ ತಿದ್ದಿದ್ದರು.

ಕೆಲಸ ಏನೆಂದು ಡಾಕ್ಟರ್ ವಿಘ್ನೇಶ ವಿವರಿಸಿದರು. ಅವರು ಸೂಜಿಯ ಡಾಕ್ಟರಲ್ಲ, ಕಾಗದದ ಡಾಕ್ಟರು. ಈ ಅಕ್ಕಿಯೊಳಗೆ ಬೇರೆಯೇ ಒಂದು ಗಿಡದ ಗುಣವನ್ನು ತಂದು ಕೂರಿಸಿದ್ದಾರೆ. ಅದರಿಂದ ಅಕ್ಕಿಯಲ್ಲಿ ಸತು ಜಾಸ್ತಿ, ಕಬ್ಬಿಣ ಜಾಸ್ತಿ. ರಕ್ತ ಕಡಿಮೆ ಇರುವವರಿಗೆ, ಮಕ್ಕಳು ಕುಗ್ಗಿಹೋಗಿರುವ ಮನೆಗಳಿಗೆ ಒಳ್ಳೆಯದು. ಕನ್ನಡದಲ್ಲಿ ಇದಕ್ಕೆ ಕುಲಾಂತರಿ ಎನ್ನುತ್ತಾರೆ. ಅಕ್ಕಿಯ ಕುಲ ಬದಲಾಯಿಸಲು ಆಗುತ್ತದಂತೆ. ನಮ್ಮದನ್ನು ಬದಲಾಯಿಸುವ ಲ್ಯಾಬು ಇನ್ನೂ ಕಟ್ಟಿಲ್ಲ.

ಹತ್ತೊಂಬತ್ತು ಮನೆಯವರು ಆರು ತಿಂಗಳು ಇದನ್ನೇ ಉಣ್ಣಬೇಕು. ಧರ್ಮಕ್ಕೆ. ಬೇರೆ ಅಕ್ಕಿ ಮುಟ್ಟಬಾರದು. ನನ್ನ ಕೆಲಸ ಮನೆಮನೆಗೆ ಹೋಗಿ ಒಪ್ಪಿಗೆ ಪತ್ರ ಓದಿ ಹೇಳುವುದು, ಸಹಿ ಹಾಕಿಸುವುದು.

ಒಪ್ಪಿಗೆ ಪತ್ರ ಆರು ಪುಟ. ಇಂಗ್ಲಿಷಿನಲ್ಲಿತ್ತು, ಗಡಿಯ ಈಚೆಯ ಸರಕಾರಿ ಭಾಷೆ ಮಲಯಾಳದಲ್ಲಿತ್ತು. ನಮ್ಮವರು ಮಾತಾಡುವುದು ತುಳು, ಮನೆಯೊಳಗೆ ಕೊರಗ ಭಾಷೆ. ಶಾಲೆಗೆ ಹೋದವರು ಕಲಿತದ್ದು ಕನ್ನಡ. ಆ ಆರು ಪುಟದಲ್ಲಿ ಅವರಿಗೆ ತಿಳಿಯುವಂಥದ್ದು ಸಹಿ ಹಾಕುವ ಖಾಲಿ ಗೆರೆ ಮಾತ್ರ. ನಡುವೆ ನಾನು. ನಾನು ಓದಿದ್ದು ಅವರಿಗೆ ಇತ್ತು. ನಾನು ಬಿಟ್ಟದ್ದು ಇರಲೇ ಇಲ್ಲ.

ನಾಲ್ಕನೇ ಪುಟದಲ್ಲಿ ಒಂದು ಸಾಲಿತ್ತು. ‘ಈ ಅಕ್ಕಿಯನ್ನು ದೀರ್ಘಕಾಲ ಸೇವಿಸಿದ ಮನುಷ್ಯರ ಆರೋಗ್ಯದ ಮೇಲೆ ಆಗುವ ಪರಿಣಾಮ ಇನ್ನೂ ತಿಳಿದಿಲ್ಲ, ತುರಿಕೆ, ಉಬ್ಬಸ, ಹೊಟ್ಟೆಯ ತೊಂದರೆ ಕಾಣಿಸಿದರೆ ಸಂಯೋಜಕರಿಗೆ ತಿಳಿಸತಕ್ಕದ್ದು.’

ಆ ಸಾಲನ್ನು ನಾನು ಓದಲಿಲ್ಲ.

ಮೊದಲ ಮನೆಯಲ್ಲಿ ಮರೆತೆ ಎಂದುಕೊಂಡೆ. ಎರಡನೆಯ ಮನೆಯಲ್ಲಿ ಮೂರನೇ ಪುಟ ಮುಗಿದಾಗ ಹೆಬ್ಬೆರಳು ತಾನಾಗಿ ಎರಡು ಹಾಳೆಯನ್ನು ಒಟ್ಟಿಗೆ ಮಗುಚಿತು. ಹತ್ತನೆಯ ಮನೆಗೆ ಬರುವಾಗ ನನ್ನ ಬೆರಳು ಪಳಗಿಹೋಗಿತ್ತು.

ಸುಮ್ಮನೆ ಸಹಿ ಹಾಕದವನು ಲತೀಶಣ್ಣ ಒಬ್ಬ. ನನ್ನ ದೊಡ್ಡಪ್ಪನ ಮಗ. ರಿಕ್ಷಾ ಓಡಿಸುತ್ತಾನೆ, ನಾಲಗೆಯನ್ನು ಅದಕ್ಕಿಂತ ಜೋರಾಗಿ ಓಡಿಸುತ್ತಾನೆ.

“ನಮ್ಮ ಮೇಲೆ ಇಷ್ಟು ಪ್ರೀತಿ ಎಂತಕ್ಕೆ ಬಂತು ಮಾರಾಯ್ತಿ ಇವರಿಗೆ? ಎಲೆಕ್ಷನ್ನೂ ಇಲ್ಲವಲ್ಲ.”

“ಒಳ್ಳೆಯದಕ್ಕೇ ಲತೀಶಣ್ಣ. ಸತ್ವ ಜಾಸ್ತಿ ಉಂಟಂತೆ.”

“ನನ್ನ ಹೆಂಡತಿಯ ಊರಲ್ಲಿ, ಕಾರಡ್ಕದ ಕಡೆ, ಗೇರು ತೋಟದ ಹುಳಕ್ಕೆ ಹೆಲಿಕಾಪ್ಟರಿನಿಂದ ವಿಷ ಹೊಯ್ದರಲ್ಲ, ಅದಕ್ಕೂ ಮದ್ದು ಅಂತಲೇ ಹೇಳಿದ್ದು. ಅವಳ ತಮ್ಮನಿಗೆ ಈಗ ಇಪ್ಪತ್ತೆಂಟು. ಇನ್ನೂ ಚಾಪೆಯಿಂದ ಎದ್ದಿಲ್ಲ.” ಆಮೇಲೆ ನನ್ನ ಕೊರಳಿನ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. “ಇದು ಯಾರು, ನೀನಾ? ಪೌಡರು ಡಬ್ಬಿಯಲ್ಲಿ ಬಿದ್ದದ್ದಾ?” ಎಂದ. ನಗುತ್ತ ಸಹಿ ಹಾಕಿದ.

ಕೊನೆಗೆ ಉಳಿದದ್ದು ಅಜ್ಜಿ.

ನನ್ನ ಅಜ್ಜಿ ತನಿಯಾರು. ವಯಸ್ಸು ಎಂಬತ್ತೋ ಎಂಬತ್ತೆರಡೋ. ಬೆಳಕು ಹರಿಯುವ ಮೊದಲು ಗುಡ್ಡೆ ಹತ್ತುತ್ತಾಳೆ. ಮರಕ್ಕೆ ಸುತ್ತಿದ ಬುಟ್ಟಿಯ ಬಳ್ಳಿಯನ್ನು ಮೈಯ ಭಾರ ಹಾಕಿ ಎಳೆಯುತ್ತಾಳೆ. ಬಳ್ಳಿ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಅಜ್ಜಿ ಬೀಳುತ್ತಾಳೆ. ಕಟ್ಟು ಹೊತ್ತು ಇಳಿದು ನೀರಲ್ಲಿ ಹಾಕಿ, ಆಮೇಲೆ ಸಿಪ್ಪೆ ಸುಲಿಯಬೇಕು. ಕತ್ತಿಯಲ್ಲಿ ಬಾಯಿ ಬಿಡಿಸಿದರೆ ಸಾಕು, ಉಳಿದದ್ದೆಲ್ಲ ಉಗುರಿನ ಕೆಲಸ. ಎಪ್ಪತ್ತು ವರ್ಷ ಬಳ್ಳಿ ಸುಲಿದ ಕೈ ಅದು. ಹೆಬ್ಬೆಟ್ಟಿನಲ್ಲಿ ಗೆರೆಗಳೇ ಇಲ್ಲ. ರೇಷನ್ ಅಂಗಡಿಯ ಮೆಷಿನ್ ಮೇಲೆ ಅವಳು ಬೆರಳಿಟ್ಟರೆ ಕೆಂಪು ದೀಪ ಹತ್ತುತ್ತದೆ. ಇಂಥ ಮನುಷ್ಯಳು ಇಲ್ಲ ಎನ್ನುತ್ತದೆ ಮೆಷಿನ್. ಅಜ್ಜಿ ಅದಕ್ಕೆ ಒಂದು ಬೈಗುಳ ಕೊಟ್ಟು ಬರುತ್ತಾಳೆ. ಆ ಬೈಗುಳವನ್ನು ಅಚ್ಚು ಹಾಕಲು ಯಾರೂ ಒಪ್ಪಲಿಕ್ಕಿಲ್ಲ.

ಅವಳು ಹೇಳುವುದು ತುಳುವಿನಲ್ಲಿ. ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ನಾವು ಉಂಡ ಮೇಲೆ ಈ ಅಕ್ಕಿ ಯಾರು ಉಣ್ಣುವುದು?” ಎಂದು ಕೇಳಿದಳು.

“ನಮಗೆ ಒಳ್ಳೆಯದಾದರೆ ಆಮೇಲೆ ಎಲ್ಲರೂ ಉಣ್ತಾರೆ ಅಜ್ಜಿ.”

“ಒಳ್ಳೆಯದಾಗದಿದ್ದರೆ?”

ನಾನು ಶಾಯಿಯ ಪ್ಯಾಡು ತೆರೆದು ಅವಳ ಮುಂದೆ ಇಟ್ಟೆ.

“ಹೂಂ,” ಎಂದಳು. “ಇದು ನಿನ್ನ ಕೆಲಸಕ್ಕೆ ಬೇಕಾ ಬಾಲೆ?”

“ಬೇಕು.”

ಶಾಯಿಯ ಪ್ಯಾಡಿನ ಮೇಲೆ ಬೆರಳು ಒತ್ತಿದಳು. ಕಾಗದದ ಮೇಲೆ ಒತ್ತಿದಳು. ನೀಲಿ ಮಚ್ಚೆ ಬಿತ್ತು. ಗೆರೆಯಿಲ್ಲದ, ಯಾರದ್ದೂ ಅಲ್ಲದ ಮಚ್ಚೆ.

ಅಕ್ಕಿ ಬಂದ ಎರಡನೆಯ ದಿನ ಉದ್ಘಾಟನೆ. ಮೊದಲ ಕಂತಿನ ಮೂಟೆಗಳನ್ನು ಜೀಪಿನಿಂದ ಇಳಿಸಿ, ಸಮುದಾಯ ಭವನದ ಒಳಗೆ ಅಟ್ಟಿ ಕಟ್ಟಿದವರು ನಮ್ಮವರೇ. ಮೂಟೆಗಳ ಮೇಲೆ ನಗುವ ಮಗುವಿನ ಚಿತ್ರ. ಚೆಂದದ ಮಗು. ನಮ್ಮ ಜಾತಿಯ ಮಗು ಅಷ್ಟು ಕೊಬ್ಬಿದ್ದನ್ನು ನಾನು ನೋಡಿಲ್ಲ. ಭವನದ ಮುಂದೆ ಶಾಮಿಯಾನ, ಮೈಕು, ಬ್ಯಾನರು. ವೇದಿಕೆಯಲ್ಲಿ ಮೂರು ಕುರ್ಚಿ. ಪುರಂದರ ಧನಿಗಳು, ಡಾಕ್ಟರ್ ವಿಘ್ನೇಶ, ಮೂರನೆಯದು ಬರಬೇಕಾಗಿದ್ದ ಯಾರೋ ದೊಡ್ಡವರಿಗೆ. ಅವರು ಕೊನೆಯವರೆಗೂ ಬರಲಿಲ್ಲ. ಆ ಖಾಲಿ ಕುರ್ಚಿಯ ಮೇಲೆ ಒಂದು ಶಾಲು ಕೂತಿತ್ತು.

ಹಿಂದಿನ ಒಲೆಯಲ್ಲಿ ನಮ್ಮ ಹೆಂಗಸರೇ ಅನ್ನ ಬೇಯಿಸಿದ್ದರು. ಬೆಳ್ಳಗಿನ ಅನ್ನ. ನಾವು ಕುಚ್ಚಿಲಕ್ಕಿ ಗಂಜಿಯವರು.

“ಪರಿಮಳವೇ ಇಲ್ಲ,” ಎಂದ ಲತೀಶಣ್ಣ, ಹಂಡೆಗೆ ಮೂಗು ಒಡ್ಡಿ. “ಆಸ್ಪತ್ರೆಯ ಗೋಡೆ ಬೇಯಿಸಿದ ಹಾಗೆ ಉಂಟು.”

ಊಟಕ್ಕೆ ಮೊದಲು ಇನ್ನೊಂದು ಕೆಲಸ ಇತ್ತು. ಅದು ನನಗೆ ಆ ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ. ಪತ್ರದಲ್ಲಿ ‘ಮಾದರಿ ಸಂಗ್ರಹ’ ಎಂದಿತ್ತು. ನಾನು ರಕ್ತ ಎಂದುಕೊಂಡಿದ್ದೆ. ಮೂಲೆಯಲ್ಲಿ ಒಂದು ಮೇಜು ಹಾಕಿ ನರ್ಸ್ ಮೆಲಿಶಾ ಕೂತಿದ್ದಳು. ಕ್ರಿಶ್ಚಿಯನ್ನರ ಹುಡುಗಿ, ವರ್ಕಾಡಿಯವಳೇ, ನನ್ನ ಜೊತೆ ಹತ್ತರವರೆಗೆ ಓದಿದವಳು. ಮೇಜಿನ ಮೇಲೆ ಕಂದು ಬಣ್ಣದ ಸಣ್ಣ ಕವರುಗಳ ಸಾಲು. ಒಂದೊಂದರ ಮೇಲೂ ನಮ್ಮವರ ಹೆಸರು, ನಂಬರು. ಒಂದು ಕತ್ತರಿ. ಒಂದು ನೈಲ್ ಕಟ್ಟರ್.

“ಎಂತ ಇದು?” ಎಂದೆ.

“ಮೊದಲು ಉಗುರು, ಆಮೇಲೆ ಕೂದಲು ಮಾರಾಯ್ತಿ. ಈಗ ಒಮ್ಮೆ ತೆಗೆಯುವುದು, ಆರು ತಿಂಗಳು ಅಕ್ಕಿ ಉಂಡ ಮೇಲೆ ಇನ್ನೊಮ್ಮೆ. ಸತು ಎಷ್ಟು ಏರಿದೆ ಅಂತ ಅದರಲ್ಲಿ ಗೊತ್ತಾಗ್ತದೆ. ನೋವಿಲ್ಲ, ಎಂತ ಇಲ್ಲ.”

ಎತ್ತಿ ನೋಡಿದ ಕವರನ್ನು ನಾನು ಅಲ್ಲೇ ಕೆಳಗಿಟ್ಟೆ. ಮೆಲಿಶಾಳಿಗೆ ಗೊತ್ತಿರಲಿಲ್ಲ. ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಉಗುರು, ಕೂದಲು, ಅನ್ನ. ಈ ಮೂರನ್ನು ಕೊರಗರ ಮುಂದೆ ಒಂದೇ ಸಲಕ್ಕೆ ತಂದಿಡಬಾರದೆಂದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಗೊತ್ತಿದ್ದವರು ಒಬ್ಬರೇ. ಅವರು ವೇದಿಕೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಎಳನೀರು ಹೀರುತ್ತಿದ್ದರು.

ಸಾಲು ನಿಂತಿತು. ಮೊದಲಿನವಳು ಕೈ ಚಾಚಿದಳು. ಮೆಲಿಶಾ ಬೆರಳು ಹಿಡಿದು ನೋಡಿದಳು. ಎತ್ತಿ ನೋಡಿದಳು. ಕನ್ನಡಕ ಸರಿಮಾಡಿ ಇನ್ನೊಮ್ಮೆ ನೋಡಿದಳು.

“ಮುಂದಿನವರು ಬನ್ನಿ.”

ಎರಡನೆಯವಳ ಕೈಯಲ್ಲೂ ಇರಲಿಲ್ಲ. ಮೂರನೆಯವನ ಕೈಯಲ್ಲೂ ಇರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ಒಡೆದ ಒಂದು ಸಣ್ಣ ಚೂರು, ಅದರ ಸುತ್ತ ದಪ್ಪಗಟ್ಟಿದ ಮಾಂಸ, ಸೀಳಿನಲ್ಲಿ ಬಳ್ಳಿಯ ಕಪ್ಪು ಕಲೆ. ಕತ್ತರಿಸಿ ಕವರಿಗೆ ಹಾಕುವಷ್ಟು ಉಗುರು ಒಬ್ಬರ ಕೈಯಲ್ಲೂ ಇಲ್ಲ. ಡಾಕ್ಟರ್ ವಿಘ್ನೇಶ ಕೆಳಗಿಳಿದು ಬಂದರು.

“ಕಾಲಿನದ್ದು ತೆಗೆಯಿರಿ,” ಎಂದರು.

ಕಾಲಿನದ್ದನ್ನು ಗುಡ್ಡೆಯ ಮುರಕಲ್ಲು ಮೊದಲೇ ತೆಗೆದಿತ್ತು.

“ಇದು ಹೇಗೆ?” ಡಾಕ್ಟರು ನನ್ನನ್ನು ಗದರಿದರು. “ಹದಿನೈದು ದಿನ ಉಗುರು ಕತ್ತರಿಸಬೇಡಿ ಅಂತ ನೀನು ಹೇಳಿರಲಿಲ್ಲವಾ?”

“ನನಗೆ ಯಾರೂ ಹೇಳಲಿಲ್ಲ ಸರ್. ಇವರು ಉಗುರು ಕತ್ತರಿಸುವುದೂ ಇಲ್ಲ. ಸವೆಯುವುದು.”

ಅಷ್ಟರಲ್ಲಿ ಅಜ್ಜಿಯ ಸರದಿ. ಮೆಲಿಶಾ ಅವಳ ಬೆರಳನ್ನು ಹಿಡಿದು, ನೈಲ್ ಕಟ್ಟರ್ ಎತ್ತಿದಳು. ಅಜ್ಜಿ ಕಟ್ಟರನ್ನು ನೋಡಿದಳು. ಕವರನ್ನು ನೋಡಿದಳು. ಕತ್ತರಿಯನ್ನು ನೋಡಿದಳು. ಹಿಂದಿನ ಒಲೆಯ ಕಡೆ ತಿರುಗಿ ಬೆಳ್ಳಗಿನ ಅನ್ನವನ್ನು ನೋಡಿದಳು. ಆಮೇಲೆ ವೇದಿಕೆಯನ್ನು ನೋಡಿದಳು.

ನಗಲು ಶುರುಮಾಡಿದಳು.

ಹಲ್ಲಿಲ್ಲದ ಬಾಯಿಯ ನಗು. ನಿಲ್ಲುವ ಲಕ್ಷಣವೇ ಇಲ್ಲ. ನಕ್ಕು ನಕ್ಕು ಕೆಮ್ಮಿದಳು, ಕೆಮ್ಮಿ ಕೆಮ್ಮಿ ನಕ್ಕಳು. ಮೆಲಿಶಾ ನೀರು ಕೊಡಲು ಹೋದಳು.

“ಅಯ್ಯೋ ಬಾಲೆ,” ಎಂದಳು ಅಜ್ಜಿ, “ಆಗ ಅವರ ಉಗುರು ಕತ್ತರಿಸಿ ನಮಗೆ ತಿನ್ನಿಸ್ತಿದ್ದರು. ಈಗ ನಮಗೆ ತಿನ್ನಿಸಿ ನಮ್ಮ ಉಗುರು ಕತ್ತರಿಸ್ತಾರಾ? ಇವರಿಗೆ ಉಗುರು ಬಿಟ್ಟರೆ ಬೇರೆ ಎಂತದ್ದೂ ಕಾಣುವುದಿಲ್ಲವಾ?”

ಡಾಕ್ಟರಿಗೆ ತುಳು ಅರ್ಧ ಬರುತ್ತಿತ್ತು. “ಎಂತ ಹೇಳ್ತಾ ಇದ್ದಾರೆ ಇವರು?”

ಹೇಳಬೇಕಾಗಿದ್ದವಳು ನಾನು. ನನ್ನ ಕೆಲಸ ಅದೇ ಅಲ್ಲವೇ, ನಡುವೆ ನಿಂತು ಹೇಳುವುದು. ಹೇಳಿದೆ. ಈ ಸಲ ಹಾಳೆ ಮಗುಚಲಿಲ್ಲ.

ದೊಡ್ಡ ಮನೆಗಳಲ್ಲಿ ಮಗು ಬದುಕದಿದ್ದರೆ, ಬಸುರಿಗೆ ಪೀಡೆ ಹಿಡಿದಿದೆ ಎಂದಾದರೆ, ಕೊರಗರನ್ನು ಕರೆಸುತ್ತಿದ್ದರು. ಮಗುವಿನ ಉಗುರು, ತಾಯಿಯ ಕೂದಲು ಅನ್ನದಲ್ಲಿ ಕಲಸಿ ಕೊಡುತ್ತಿದ್ದರು. ತಿನ್ನಬೇಕು. ಅವರ ಕಣ್ಣೆದುರೇ ತಿನ್ನಬೇಕು. ಆ ಮನೆಯ ಪೀಡೆ ನಮ್ಮ ಹೊಟ್ಟೆಗೆ ಇಳಿಯಬೇಕು. ಅದಕ್ಕೆ ಅಜಲು ಎಂದು ಹೆಸರು. ಆಚೆ ಕರ್ನಾಟಕದಲ್ಲಿ ಅದನ್ನು ನಿಲ್ಲಿಸಲಿಕ್ಕೆಂದೇ ಕಾನೂನು ಮಾಡಿದರು. ಈಚೆ ಕಾಲ ಬದಲಾಗಿ ನಿಂತಿತು ಎನ್ನುತ್ತಾರೆ. ಕಾಲಕ್ಕೆ ಬೇರೆ ಕೆಲಸವಿಲ್ಲವೇ? ತಿನ್ನುವುದಿಲ್ಲ ಎಂದು ನನ್ನ ಅಜ್ಜಿಯಂಥವರು ಹೇಳಿದ ದಿನ ಅದು ನಿಂತಿತು.

“ನನಗಾಗ ಹದಿನಾಲ್ಕು,” ಎಂದಳು ಅಜ್ಜಿ. ಕೂತಲ್ಲಿಂದಲೇ ಹೇಳಿದಳು. ಅವಳಿಗೆ ಮೈಕು ಬೇಕಾಗಲಿಲ್ಲ. “ಬೀಡಿನ ಮನೆಯಲ್ಲಿ ಎರಡು ಮಕ್ಕಳು ಹೋಗಿ ಮೂರನೆಯದು ಹುಟ್ಟಿತ್ತು. ಅಂಗಳದ ಹೊರಗೆ ಅಡಿಕೆ ಹಾಳೆಯಲ್ಲಿ ಅನ್ನ ಹಾಕಿದರು. ಕೂದಲು ಗಂಟಲಿಗೆ ಸಿಕ್ಕಿ ವಾಕರಿಕೆ ಬಂತು. ವಾಂತಿ ಮಾಡಿದರೆ ಪೀಡೆ ಅಂಗಳಕ್ಕೆ ಬೀಳ್ತದೆ ಅಂತ ನನ್ನ ಅಪ್ಪನಿಂದಲೇ ನನ್ನ ಬಾಯಿ ಮುಚ್ಚಿಸಿದರು. ನುಂಗಿದೆ.”

ಎದ್ದು ನಿಂತಳು. ವೇದಿಕೆಯ ಕಡೆ ಬೆರಳು ಮಾಡಿದಳು.

“ಆ ಮಗು ಅಗೋ ಅಲ್ಲಿ ಕೂತು ಎಳನೀರು ಕುಡೀತಾ ಉಂಟು.”

ಪುರಂದರ ಧನಿಗಳು ಎಳನೀರನ್ನು ನಿಧಾನವಾಗಿ ಕೆಳಗಿಟ್ಟರು.

“ಅದೆಲ್ಲ ಹಳೆಯ ಕಾಲದ್ದು ತನಿಯಾರು,” ಎಂದರು. “ನಮ್ಮ ಹಿರಿಯರಿಗೆ ಬುದ್ಧಿ ಇರಲಿಲ್ಲ, ತಪ್ಪು. ಅದಕ್ಕೂ ಇದಕ್ಕೂ ಎಂತ ಸಂಬಂಧ? ಇದು ವಿಜ್ಞಾನ.”

“ಅವರೂ ಹಾಗೆಯೇ ಹೇಳಿದ್ದು ಧನಿಗಳೇ. ಇದು ಶಾಸ್ತ್ರ ಅಂತ.”

ಮೈಕು ನನ್ನ ಕೈಯಲ್ಲಿತ್ತು. ಸ್ವಾಗತ ಭಾಷಣ ಮಾಡಬೇಕಾಗಿದ್ದವಳು ನಾನೇ. ಪರ್ಮನೆಂಟ್ ಕೆಲಸ, ಪ್ಲಾಸ್ಟಿಕ್ ಕುರ್ಚಿ, ಬೆಳ್ಳಗಿನ ಫೋಟೊ, ಎಲ್ಲ ಒಮ್ಮೆ ಕಣ್ಣ ಮುಂದೆ ಬಂದವು. ಅವುಗಳ ಹಿಂದೆ ಆ ನೀಲಿ ಮಚ್ಚೆ ಬಂತು. ಇದು ನಿನ್ನ ಕೆಲಸಕ್ಕೆ ಬೇಕಾ ಬಾಲೆ?

“ನಾನು ಒಂದು ಸಾಲು ಓದದೆ ಬಿಟ್ಟಿದ್ದೇನೆ,” ಎಂದೆ ತುಳುವಿನಲ್ಲಿ. “ಹತ್ತೊಂಬತ್ತು ಮನೆಯಲ್ಲೂ ಬಿಟ್ಟಿದ್ದೇನೆ. ಮರೆತದ್ದಲ್ಲ. ಈಗ ಓದುತ್ತೇನೆ.”

ಓದಿದೆ. ಒಂದು ಸಲ ಮಲಯಾಳದಲ್ಲಿ, ಇದ್ದ ಹಾಗೆಯೇ. ಇನ್ನೊಂದು ಸಲ ತುಳುವಿನಲ್ಲಿ. ಇದನ್ನು ಹೆಚ್ಚು ಕಾಲ ಉಂಡರೆ ಮೈಗೆ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲ. ತುರಿಕೆಯಾದರೆ, ಉಬ್ಬಸ ಬಂದರೆ, ಹೊಟ್ಟೆ ಕೆಟ್ಟರೆ ಹೇಳಬೇಕಂತೆ.

“ಯಾರಿಗೆ ಹೇಳುವುದು?” ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

“ನನಗೆ.”

“ನಿನಗೆ ಹೇಳಿದರೆ ನೀನು ಎಂತ ಮಾಡ್ತೀ?”

“ಬರ್ಕೊಳ್ತೇನೆ.”

ಜನ ನಗಲಿಲ್ಲ. ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಇನ್ನೂ ಹೊತ್ತು ತಿರುಗುತ್ತಿದ್ದೇನೆ, ಅದರ ವಿಷಯ ಇಲ್ಲಿ ಬೇಡ.

ಆ ಅಕ್ಕಿ ವಿಷ ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ನನಗೆ ಗೊತ್ತಿಲ್ಲ. ಒಳ್ಳೆಯದೇ ಇದ್ದೀತು. ಗೊತ್ತಿಲ್ಲ ಎಂದು ಅವರೂ ಬರೆದೇ ಇಟ್ಟಿದ್ದರು. ಗೊತ್ತಾಗುವುದಕ್ಕೆ ಒಂದಿಷ್ಟು ಹೊಟ್ಟೆಗಳು ಬೇಕಿತ್ತು. ಜಿಲ್ಲೆಯಲ್ಲಿ ಹೊಟ್ಟೆಗಳಿಗೇನು ಬರವೇ? ಅರಮನೆಯಂಥ ಮನೆಗಳಲ್ಲಿ ನಮ್ಮದಕ್ಕಿಂತ ದೊಡ್ಡ ದೊಡ್ಡ ಹೊಟ್ಟೆಗಳಿವೆ. ಅವರ ಜೀಪು ಮಾತ್ರ ಈ ಗುಡ್ಡೆಯನ್ನೇ ಹುಡುಕಿಕೊಂಡು ಹತ್ತಿತು.

ಡಾಕ್ಟರ್ ವಿಘ್ನೇಶ ಮೈಕು ಕಿತ್ತುಕೊಂಡರು. “ಹೆದರುವಂಥದ್ದು ಎಂತ ಇಲ್ಲ. ಇಲಿಗೆ ಕೊಟ್ಟು ನೋಡಿದ್ದೇವೆ. ಹೊರದೇಶದಲ್ಲಿ ಬೇರೆ ಬೇರೆ ಕುಲಾಂತರಿ ಬೆಳೆ ಎಷ್ಟೋ ಜನ ತಿಂತಾರೆ. ಆ ಸಾಲು ನಿಯಮಕ್ಕೆ ಬರೆಯುವುದು, ಎಲ್ಲದರಲ್ಲೂ ಬರೆಯುತ್ತಾರೆ.”

“ಇಲಿ ಆದ ಮೇಲೆ ನಾವಾ?” ಲತೀಶಣ್ಣ ಎದ್ದ. “ಸರಿ ಸರ್. ಇಲಿ ಆಯಿತು. ನಮಗಿಂತ ಮೊದಲು ನೀವು ಒಂದು ತುತ್ತು ಉಣ್ಣಿ. ನಿಮ್ಮ ಹಿಂದೆಯೇ ನಾವು.”

ಹಿಂದೆ ಹೋಗಿ ಒಂದು ಬಾಳೆಲೆಯಲ್ಲಿ ಅನ್ನ ಹಾಕಿಕೊಂಡು ಬಂದ. ಬಿಸಿ ಹೊಗೆ ಏಳುತ್ತಿತ್ತು. ವೇದಿಕೆಯ ಮೇಜಿನ ಮೇಲೆ, ಹೂಗುಚ್ಛದ ಪಕ್ಕ ಇಟ್ಟ.

“ಹಾಗೆ ಉಣ್ಣಲಿಕ್ಕೆ ಆಗುವುದಿಲ್ಲ,” ಎಂದರು ಡಾಕ್ಟರು. “ನಾನು ಸ್ಟಡಿ ಗ್ರೂಪಿನಲ್ಲಿ ಇಲ್ಲ. ನಾನು ಉಂಡರೆ ಡೇಟಾ ಹಾಳಾಗ್ತದೆ.”

“ನಾವು ಉಂಡರೆ ಡೇಟಾ, ನೀವು ಉಂಡರೆ ಹಾಳಾ?” ಎಂದ ಲತೀಶಣ್ಣ. “ಧನಿಗಳೇ, ನೀವು?”

ಪುರಂದರ ಧನಿಗಳು ಎದೆಗೆ ಕೈ ಇಟ್ಟರು. “ನನಗೆ ಇವತ್ತು ಸಂಕಷ್ಟಿ ಮಾರಾಯ. ಚಂದ್ರ ಕಾಣುವವರೆಗೆ ನಾನು ಅನ್ನ ಮುಟ್ಟುವುದಿಲ್ಲ.”

ಲತೀಶಣ್ಣ ಅಂಗಿಯ ಕಿಸೆಯಿಂದ ಫೋನು ತೆಗೆದ. ಬೆರಳಾಡಿಸಿದ. ಎಲ್ಲರೂ ಕಾದರು.

“ಸಂಕಷ್ಟಿ ಮೊನ್ನೆಯೇ ಹೋಗಿದೆ ಧನಿಗಳೇ,” ಎಂದ. “ಇವತ್ತು ಷಷ್ಠಿ. ಬೇಕಾದರೆ ಗಣಪತಿಗೆ ಫೋನು ಮಾಡಿ ಕೇಳುವಾ, ನಂಬರು ಉಂಟಾ?”

ಆಗ ನಕ್ಕರು. ಹತ್ತೊಂಬತ್ತು ಮನೆಯೂ ನಕ್ಕಿತು. ಧನಿಗಳ ಎದುರು ನಮ್ಮವರು ಬಾಯಿ ತೆರೆದು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಬಾಯಿಗೆ ಅಡ್ಡ ಕೈ ಇಟ್ಟು ನಗುವ ಅಭ್ಯಾಸದವರು, ಕೈ ಇಡಲು ಮರೆತಿದ್ದರು.

ಧನಿಗಳ ಮುಖ ಕೆಂಪಾಯಿತು. “ಸೌದಾಮಿನಿ,” ಎಂದರು ನನಗೆ, ಮೆಲ್ಲಗೆ, ಮೈಕಿಗೆ ಕೇಳದ ಹಾಗೆ, “ನಿನ್ನ ಕೆಲಸ ಹೋಯಿತು, ಗೊತ್ತಾಯಿತಲ್ಲ.”

“ಗೊತ್ತಾಯಿತು ಧನಿಗಳೇ.” ಕೊರಳಿನ ಕಾರ್ಡು ತೆಗೆದು ಖಾಲಿ ಕುರ್ಚಿಯ ಶಾಲಿನ ಮೇಲೆ ಇಟ್ಟೆ. ಆ ಬೆಳ್ಳಗಿನವಳು ಅಲ್ಲಿ ಚೆನ್ನಾಗಿ ಹೊಂದಿಕೊಂಡಳು.

ಅಷ್ಟು ಹೊತ್ತಿಗೆ ಅಜ್ಜಿ ವೇದಿಕೆಯ ಮೆಟ್ಟಿಲು ಹತ್ತಿ ಆಗಿತ್ತು. ಕೈಯಲ್ಲಿ ಮೆಲಿಶಾಳ ನೈಲ್ ಕಟ್ಟರ್. ಯಾವಾಗ ಎತ್ತಿಕೊಂಡಳೋ. ಧನಿಗಳ ಮುಂದೆ ನಿಂತು ಎಡಗೈ ಚಾಚಿದಳು.

“ಕೈ ಕೊಡಿ.”

“ಎಂತ?”

“ಕೈ ಕೊಡಿ ಧನಿಗಳೇ. ಈ ಡಾಕ್ಟರಿಗೆ ಉಗುರು ಬೇಕಂತೆ. ನಮ್ಮಲ್ಲಿ ಇಲ್ಲ. ನಿಮ್ಮಲ್ಲಿ ಉಂಟು, ಚೆಂದ ಉಂಟು. ನಾನೇ ಕತ್ತರಿಸಿ ಕೊಡ್ತೇನೆ. ಹೆದರಬೇಡಿ, ಈ ಸಲ ನಾನು ತಿನ್ನುವುದಿಲ್ಲ.”

ಧನಿಗಳು ಡಾಕ್ಟರ ಕಡೆ ನೋಡಿದರು.

“ನಿಮ್ಮ ಪೀಡೆ ತಿಂದು ನಿಮ್ಮನ್ನು ಉಳಿಸಿದವಳು ನಾನು. ಒಂದು ಲೆಕ್ಕದಲ್ಲಿ ತಾಯಿಯೇ. ತಾಯಿ ಉಗುರು ತೆಗೆದರೆ ಎಂತ? ಕೊಡಿ.” ಹೀಗೆಂದು ಅಜ್ಜಿ ಅವರ ಕೈ ಹಿಡಿಯಲು ಹೋದಳು.

ಧನಿಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಎಳೆದುಕೊಂಡರು.

ಯೋಚಿಸಿ ಎಳೆದದ್ದಲ್ಲ. ಕಾದ ಹಂಚು ತಾಗಿದವರ ಹಾಗೆ ಎಳೆದರು. ಫೋಟೊದವನು ಅದೇ ಹೊತ್ತಿಗೆ ಒಂದು ಫೋಟೊ ತೆಗೆದ. ಉದ್ಘಾಟನೆಯ ಫೋಟೊ ಅದೊಂದೇ ಸಿಕ್ಕಿದ್ದು. ಕೈ ಚಾಚಿದ ಮುದುಕಿ, ಕುರ್ಚಿಯಲ್ಲಿ ಕೈಯಿಲ್ಲದ ಅಧ್ಯಕ್ಷರು, ಹಿಂದೆ ‘ಆರೋಗ್ಯವೇ ಸಮಾನತೆ’ ಎಂಬ ಬ್ಯಾನರು. ಪತ್ರಿಕೆಯವರಿಗೆ ಕಳಿಸಬೇಡ ಎಂದು ಹೇಳಿದರಂತೆ. ಲತೀಶಣ್ಣನ ಫೋನಿನಲ್ಲಿ ಉಂಟು.

ಅಜ್ಜಿ ತನ್ನ ಚಾಚಿದ ಕೈಯನ್ನು ಒಮ್ಮೆ ನೋಡಿಕೊಂಡಳು. ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು.

“ಇವರಿಗೆ ನಮ್ಮ ಉಗುರು ಬೇಕು, ಕೈ ಬೇಡ,” ಎಂದಳು ಜನರ ಕಡೆ ತಿರುಗಿ. “ಏಳಿ. ಮನೆಯಲ್ಲಿ ಗಂಜಿ ಉಂಟು.”

ಯಾರೂ ಬೊಬ್ಬೆ ಹಾಕಲಿಲ್ಲ. ಘೋಷಣೆ ಕೂಗಲಿಲ್ಲ. ಎದ್ದರು. ನಾನು ಹತ್ತೊಂಬತ್ತು ಒಪ್ಪಿಗೆ ಪತ್ರಗಳನ್ನು ಚೀಲದಿಂದ ತೆಗೆದು ಅವರವರ ಕೈಗೆ ಕೊಟ್ಟೆ. ಒಬ್ಬ ಅದರಲ್ಲೇ ಬೀಡಿಗೆ ಬೆಂಕಿ ತಾಗಿಸಿದ. ಒಬ್ಬಳು ಮೂಗು ಸೋರುತ್ತಿದ್ದ ಮಗಳ ಮೂಗು ಒರೆಸಿದಳು. ಆರು ಪುಟ, ದಪ್ಪ ಕಾಗದ, ಚೆನ್ನಾಗಿ ಒರೆಸಿತು.

ಬೇಯಿಸಿದ ಅನ್ನವನ್ನು ಕೋಳಿಗೆ ಹಾಕುವಾ ಎಂದಳು ಒಬ್ಬಳು. ಅಜ್ಜಿ ಬಿಡಲಿಲ್ಲ.

“ಕೋಳಿ ಎಂತ ಸಹಿ ಹಾಕಿದ್ದಾ?”

ಗುಂಡಿ ತೋಡಿ ಮುಚ್ಚಿದೆವು. ಅನ್ನ ಮಣ್ಣಿಗೆ ಹಾಕುವಾಗ ನಮ್ಮವರ ಕಣ್ಣಲ್ಲಿ ನೀರು ಬಂತು. ಹಸಿದವರಿಗೆ ಅದು ಸುಲಭದ ಕೆಲಸವಲ್ಲ. ಇದನ್ನು ಓದಿ ಚಪ್ಪಾಳೆ ತಟ್ಟುವವರು ಅದನ್ನೂ ತಿಳಿದಿರಲಿ.

ಉಳಿದದ್ದು ಮೂಟೆಗಳು.

“ಇವನ್ನು ಜೀಪಿಗೆ ಏರಿಸಿ,” ಎಂದರು ಡಾಕ್ಟರ್ ವಿಘ್ನೇಶ, ಬೆವರು ಒರೆಸಿಕೊಳ್ಳುತ್ತ.

ನಮ್ಮ ಗಂಡಸರಲ್ಲಿ ಇಬ್ಬರು ಮೂವರು ಅಭ್ಯಾಸಬಲದಿಂದ ಮುಂದೆ ಹೋದರು. ಹೇಳಿದ ಕೂಡಲೇ ಬಗ್ಗುವ ಬೆನ್ನು, ತಲೆತಲಾಂತರದ್ದು. ಲತೀಶಣ್ಣ ಒಬ್ಬೊಬ್ಬರ ಹೆಗಲು ಹಿಡಿದು ನಿಲ್ಲಿಸಿದ.

“ಇಳಿಸಿದ್ದು ನಾವು ಸರ್. ಏರಿಸುವುದು ನೀವು.”

ನಾವು ಭವನದ ಜಗಲಿಯಲ್ಲಿ ಸಾಲಾಗಿ ಕೂತೆವು. ಗಂಜಿಯನ್ನು ಅಲ್ಲಿಗೇ ತರಿಸಿದೆವು. ಉಪ್ಪಿನಕಾಯಿ ನೆಕ್ಕುತ್ತ ನೋಡಿದೆವು. ಮೊದಲು ಡ್ರೈವರ್ ಒಬ್ಬನೇ ಎಳೆದ. ಆಮೇಲೆ ಡಾಕ್ಟರ್ ವಿಘ್ನೇಶ ಅಂಗಿಯ ಕೈ ಮಡಚಿದರು. ಮೂಟೆಯನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಮಗುವನ್ನು ಎತ್ತುವ ಹಾಗೆ ತಬ್ಬಿಕೊಂಡರು. ಮೆಲಿಶಾ ಒಂದು ಕಡೆ ಹಿಡಿದಳು. ಅವಳ ಬಗ್ಗೆ ನನಗೆ ಪಾಪ ಅನ್ನಿಸಿತು, ಆದರೆ ಏಳಲಿಲ್ಲ. ಏಳನೇ ಮೂಟೆಯ ಹೊತ್ತಿಗೆ ಪುರಂದರ ಧನಿಗಳೂ ಇಳಿದು ಬರಬೇಕಾಯಿತು, ಆ ಕೈಗಳನ್ನು ಬೆನ್ನ ಹಿಂದಿನಿಂದ ತೆಗೆದು.

“ಬೆನ್ನು ಬಗ್ಗಿಸಬೇಡಿ ಧನಿಗಳೇ, ಮೊಣಕಾಲು ಬಗ್ಗಿಸಿ,” ಎಂದು ನಮ್ಮ ಮುದುಕನೊಬ್ಬ ಪ್ರಾಮಾಣಿಕವಾಗಿ ಹೇಳಿಕೊಟ್ಟ. ಅವನು ತಮಾಷೆ ಮಾಡಲಿಲ್ಲ. ಅವನಿಗೆ ನಿಜವಾಗಿ ನೋಡಲಾಗಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಜೀಪು ಇಳಿಯಿತು.

ಒಂದು ತಿಂಗಳ ಮೇಲೆ ಟ್ರಸ್ಟಿನಿಂದ ನನಗೆ ಕಾಗದ ಬಂತು. ಮಲಯಾಳದಲ್ಲಿ. ಶಿಸ್ತು ಉಲ್ಲಂಘಿಸಿದ ಕಾರಣ ಕೆಲಸದಿಂದ ತೆಗೆದಿದ್ದಾರೆ. ಟ್ರಸ್ಟಿಗೆ ಸೇರಿದ ಒಂದು ನೈಲ್ ಕಟ್ಟರ್ ನನ್ನ ವಶದಲ್ಲಿದೆ ಎಂದು ತಿಳಿದುಬಂದಿರುವುದರಿಂದ ಕೂಡಲೇ ಹಿಂದಿರುಗಿಸಬೇಕು.

ಅಜ್ಜಿ ಬಳ್ಳಿ ಸುಲಿಯುತ್ತ ಕೂತಿದ್ದಳು. ಅವಳ ಪಕ್ಕದಲ್ಲಿ ನನ್ನ ಅರ್ಧ ಆದ ಬುಟ್ಟಿ. ಓದಿ ಹೇಳಿದೆ, ಪ್ರತಿ ಸಾಲನ್ನೂ.

“ಎಲ್ಲ ಓದಿದೆಯಾ? ಎಂತಾದರೂ ಬಿಟ್ಟಿದ್ದೀಯಾ?”

“ಇಲ್ಲ ಅಜ್ಜಿ.”

ಅವಳು ತಲೆ ಎತ್ತದೆ ಬಾಗಿಲಿನ ಕಡೆ ಗಲ್ಲ ತೋರಿಸಿದಳು. ಬಾಗಿಲ ಮೇಲಿನ ಮೊಳೆಗೆ, ಬಳ್ಳಿಯ ಒಂದು ಎಳೆಯಲ್ಲಿ ಕಟ್ಟರನ್ನು ಕಟ್ಟಿ ನೇತುಹಾಕಿದ್ದಳು. ಗಾಳಿಗೆ ಅಲ್ಲಾಡುತ್ತಿತ್ತು.

“ಕೊಟ್ಟುಬಿಡುವಾ ಅಜ್ಜಿ. ನಮಗೆ ಅದರಿಂದ ಎಂತ ಪ್ರಯೋಜನ? ನಮಗೆ ಉಗುರೇ ಇಲ್ಲ.”

“ಇರಲಿ,” ಎಂದಳು. ಬಳ್ಳಿಯ ತುದಿಯನ್ನು ಹಲ್ಲಿಲ್ಲದ ದವಡೆಯಲ್ಲಿ ಕಚ್ಚಿ ಹಿಡಿದು ಕೈಯಲ್ಲಿ ಸೀಳಿದಳು. “ಇನ್ನೊಂದು ಅಕ್ಕಿ ಹಿಡಿದುಕೊಂಡು ಅವರು ಬರ್ತಾರಲ್ಲ. ಅವರಿಗೆ ಉಂಟು.”